ಬೀದಿಗೆ ಬಿದ್ದ ರೇಸ್ ಕುದುರೆ: ಗುರುತು ಹಚ್ಚುವುದು, ದೂರು ಕೊಡುವುದು, ಉಳಿಸಿಕೊಳ್ಳುವುದು

ರೇಸ್ ಕುದುರೆಯ ಕತ್ತಿನ ಎಡಭಾಗದಲ್ಲಿ, ನೆತ್ತಿಗೂ ಹೆಗಲ ಉಬ್ಬಿಗೂ ನಟ್ಟನಡುವೆ, ಜೂಲಿನ ಬುಡದಿಂದ ಒಂದೆರಡು ಬೆರಳು ಕೆಳಗೆ ಉದ್ದನೆಯ ಅಕ್ಕಿಕಾಳಿನಷ್ಟು ದೊಡ್ಡ ಚಿಪ್ ಇರುತ್ತದೆ. ಅದರಲ್ಲಿ 15 ಅಂಕಿಯ ಒಂದು ಸಂಖ್ಯೆ. ಆ ಸಂಖ್ಯೆ ಸಿಕ್ಕಿದರೆ ಕುದುರೆಯ ಹೆಸರು ಸಿಗುತ್ತದೆ. ಹೆಸರು ಸಿಕ್ಕಿದರೆ ತಂದೆ, ತಾಯಿ, ಹುಟ್ಟಿದ ಸ್ಟಡ್ ಫಾರಂ, ಓಡಿದ ರೇಸ್‌ಗಳು, ಕೊನೆಯ ಓಟದ ದಿನ ಅದರ ಮಾಲೀಕರು ಮತ್ತು ಟ್ರೈನರ್ ಯಾರಾಗಿದ್ದರು ಎನ್ನುವುದೆಲ್ಲ ಒಂದೊಂದಾಗಿ ಹೊರಬರುತ್ತದೆ. ಗೆಲ್ಲುವಾಗ ಎಲ್ಲರಿಗೂ ಗೊತ್ತಿದ್ದ ಹೆಸರು ಅದು. ಸೋತ ಮೇಲೆ ಕೈಯಿಂದ ಕೈಗೆ ಮಾರುವಾಗ ಮೊದಲು ಕಳಚಿ ಬೀಳುವುದೂ ಅದೇ. ಹೆಸರಿಲ್ಲದ ಕುದುರೆಗೆ ಹೊಣೆಗಾರರೂ ಇರುವುದಿಲ್ಲ.

ಎರಡು ವರ್ಷಕ್ಕೆ ಓಟಕ್ಕಿಳಿದ ಕುದುರೆ ಏಳೆಂಟು ವರ್ಷಕ್ಕೆಲ್ಲ ಸಾಮಾನ್ಯವಾಗಿ ರೇಸ್‌ನಿಂದ ಹೊರಬಿದ್ದಿರುತ್ತದೆ. ಚೆನ್ನಾಗಿ ಸಾಕಿದರೆ 25 ವರ್ಷ ಬಾಳುತ್ತದೆ. ಕೆಲವು ತಳಿ ಬೆಳೆಸಲು ಸ್ಟಡ್ ಫಾರಂಗೆ, ಕೆಲವು ಸವಾರಿ ಶಾಲೆಗೆ ಹೋಗುತ್ತವೆ. ಉಳಿದವುಗಳಲ್ಲಿ ಒಂದಷ್ಟು ಮದುವೆ ಮೆರವಣಿಗೆಗೆ, ಸಾರೋಟಿಗೆ, ಮಕ್ಕಳನ್ನು ಕೂರಿಸಿ ದುಡ್ಡು ತೆಗೆದುಕೊಳ್ಳುವ ಸವಾರಿಗೆ ಬೀಳುತ್ತವೆ. ಅಂಥದ್ದೊಂದು ಕುದುರೆ ನಿಮ್ಮೂರಿನ ರಸ್ತೆಯಲ್ಲಿ ಸೊರಗಿ ನಿಂತಿದ್ದರೆ ಏನೇನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದು ಮುಂದಿದೆ.

ರೇಸ್ ಕುದುರೆಯೇ ಹೌದೇ?

ರೇಸ್‌ನಲ್ಲಿ ಓಡುವುದು ಥರೋಬ್ರೆಡ್ ತಳಿ. ಅದು ಎತ್ತರದ್ದು. ಹೆಗಲ ಉಬ್ಬಿನವರೆಗೆ ಸುಮಾರು 15ರಿಂದ 16.2 ಹ್ಯಾಂಡ್ ಇರುತ್ತದೆ. ಒಂದು ಹ್ಯಾಂಡ್ ಎಂದರೆ 4 ಇಂಚು, 16.2 ಎಂದರೆ 16 ಹ್ಯಾಂಡ್ 2 ಇಂಚು. ಉದ್ದ ಕಾಲು, ಆಳವಾದ ಎದೆ, ತೆಳು ಚರ್ಮ. ನಾಡಕುದುರೆ, ತಟ್ಟು ಪಕ್ಕದಲ್ಲಿದ್ದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಮುಂಗಾಲಿನ ಮಂಡಿಯ ಕೆಳಗೆ ಹಿಂಬದಿ ನೋಡಿ: ಬಿಲ್ಲಿನಂತೆ ಹೊರಗೆ ಉಬ್ಬಿದ್ದರೆ ಅದು ಓಟದಲ್ಲಿ ಹರಿದು ಕೂಡಿಕೊಂಡ ಸ್ನಾಯುರಜ್ಜು. ಅಲ್ಲೇ ಸಾಲಾಗಿ ಚುಕ್ಕಿ ಚುಕ್ಕಿ ಸುಟ್ಟ ಕಲೆಗಳಿದ್ದರೆ ಹಳೆಯ ಬರೆ ಚಿಕಿತ್ಸೆಯದು. ಇವೆರಡೂ ಕುದುರೆ ಟ್ರ್ಯಾಕ್‌ನಿಂದ ಬಂದಿರಬಹುದೆಂಬ ಸುಳಿವು ಮಾತ್ರ. ಸಾಕ್ಷಿ ಎಂದರೆ ಚಿಪ್.

ಚಿಪ್ ಓದಲು 134.2 ಕಿಲೋಹರ್ಟ್ಸ್‌ನ ಸ್ಕ್ಯಾನರ್ ಬೇಕು. ನಾಯಿಗಳಿಗೆ ಚಿಪ್ ಹಾಕುವ ಪಶುವೈದ್ಯರ ಬಳಿ ಇರುವುದೂ ಇದೇ. ಸ್ಕ್ಯಾನರನ್ನು ಕತ್ತಿಗೆ ತಾಗಿಸಿ ನಿಧಾನವಾಗಿ ಮೇಲಿಂದ ಕೆಳಗೆ ಎಳೆಯಿರಿ, ಬಲಗಡೆಯೂ ನೋಡಿ. ಬೇಗ ಬೇಗ ಆಡಿಸಿದರೆ ಯಂತ್ರಕ್ಕೆ ಚಿಪ್ ಸಿಗುವುದಿಲ್ಲ. ‘ಇಲ್ಲ’ ಎಂದುಕೊಂಡು ಬಿಟ್ಟುಬರುವವರು ಹೆಚ್ಚಾಗಿ ಮಾಡುವ ತಪ್ಪು ಇದು. ಸಂಖ್ಯೆ ಮೂಡಿದ ಪರದೆಯೂ ಕುದುರೆಯ ಮುಖವೂ ಒಂದೇ ಫೋಟೊದಲ್ಲಿ ಬರುವಂತೆ ತೆಗೆಯಿರಿ. ಪರದೆಯದ್ದೊಂದೇ ಫೋಟೊ ಇದ್ದರೆ ಅದು ಯಾವ ಕುದುರೆಯದ್ದು ಎಂದು ನಾಳೆ ಕೇಳುತ್ತಾರೆ. ಭಾರತದ ಥರೋಬ್ರೆಡ್‌ಗಳ ನೋಂದಣಿ ನೋಡಿಕೊಳ್ಳುವುದು ಪುಣೆಯಲ್ಲಿರುವ ಇಂಡಿಯನ್ ಸ್ಟಡ್ ಬುಕ್‌ನವರು. ಚಿಪ್ ಸಂಖ್ಯೆ, ಬಣ್ಣ, ಹಣೆಯ ಮತ್ತು ಕಾಲಿನ ಬಿಳಿ ಗುರುತುಗಳ ವಿವರ ಬರೆದು ಅವರಿಗೆ ಪತ್ರ ಹಾಕಿ.

ಹತ್ತಿರ ಹೋಗುವಾಗ ಎಡ ಹೆಗಲ ಕಡೆಯಿಂದ, ಮಾತಾಡುತ್ತಾ ಹೋಗಿ. ಹಿಂದಿನಿಂದ ಬೇಡ. ಮೂಗಿನಿಂದ ಅಂಟಂಟು ಹಳದಿ ಸಿಂಬಳ ಸುರಿಯುತ್ತಿದ್ದರೆ, ಕಾಲಿನುದ್ದಕ್ಕೂ ಗಂಟು ಗಂಟಾಗಿ ಒಡೆದ ಹುಣ್ಣುಗಳಿದ್ದರೆ ಮುಟ್ಟಲೇಬೇಡಿ. ಗ್ಲ್ಯಾಂಡರ್ಸ್ ಎಂಬ ಅಂಟುರೋಗ ಇರಬಹುದು. ಅದು ಮನುಷ್ಯರಿಗೂ ಹರಡುತ್ತದೆ, ಜೀವಕ್ಕೇ ಅಪಾಯ. ನೇರವಾಗಿ ಪಶುಪಾಲನಾ ಇಲಾಖೆಗೆ ತಿಳಿಸಿ.

ಕುದುರೆ ಹಿಡಿದವರ ಜೊತೆ ಜಗಳಕ್ಕೆ ಇಳಿಯಬೇಡಿ. ಅವರೂ ಸಾಮಾನ್ಯವಾಗಿ ದಿನದ ದುಡಿಮೆ ನಂಬಿದವರು, ಕುದುರೆಯನ್ನು ನಾಲ್ಕನೆಯ ಕೈಯಲ್ಲೋ ಐದನೆಯ ಕೈಯಲ್ಲೋ ಕೊಂಡಿರುತ್ತಾರೆ. “ಏನಣ್ಣಾ, ಕುದುರೆ ಹೆಸರೇನು? ಯಾರ ಹತ್ರ ತಗೊಂಡ್ರಿ?” ಎಂದು ಸಮಾಧಾನವಾಗಿ ಕೇಳಿದರೆ ಮಾರಿದವರ ವಿಷಯ ಹೊರಬೀಳುತ್ತದೆ. ಕನಿಕರಪಟ್ಟು ಅಲ್ಲೇ ದುಡ್ಡು ಕೊಟ್ಟು ಕೊಂಡುಬಿಡಬೇಡಿ. ಆ ದುಡ್ಡಿನಲ್ಲಿ ಅವರು ಇನ್ನೊಂದು ಕುದುರೆ ತರುತ್ತಾರೆ, ನಿಮ್ಮ ದೂರಿಗೆ ಆಧಾರವೂ ಉಳಿಯುವುದಿಲ್ಲ.

ಎಷ್ಟು ಸೊರಗಿದೆ ಎಂದು ಅಳೆಯುವುದು

‘ಪಾಪ, ಬಡಕಲಾಗಿದೆ’ ಎಂಬ ಮಾತು ಠಾಣೆಯಲ್ಲಿ ನಡೆಯದು. ಹೆನೆಕಿ ಮಾಪಕ ಎಂಬುದೊಂದಿದೆ, 1ರಿಂದ 9ರವರೆಗೆ ಅಂಕ. ಕತ್ತು, ಹೆಗಲ ಉಬ್ಬು, ಹೆಗಲ ಹಿಂದೆ, ಪಕ್ಕೆಲುಬು, ಸೊಂಟದ ಬೆನ್ನು, ಬಾಲದ ಬುಡ, ಈ ಆರು ಕಡೆ ಕಣ್ಣಿನಿಂದಲೂ ಕೈಯಿಂದಲೂ ನೋಡಬೇಕು. ಪಕ್ಕೆಲುಬು ಕಾಣದೆ, ಕೈಯಾಡಿಸಿದರೆ ಸಿಗುವಂತಿದ್ದರೆ 5. ದೂರದಿಂದಲೇ ಎಣಿಸಬಹುದಾದರೆ 3. ಬೆನ್ನುಮೂಳೆಯ ಗಂಟುಗಳು, ಸೊಂಟದ ಮೂಳೆಯ ತುದಿಗಳು ಚರ್ಮದ ಕೆಳಗೆ ಚೂಪಾಗಿ ಎದ್ದು, ಎಲ್ಲೂ ಕೊಬ್ಬು ಕೈಗೆ ಸಿಗದಿದ್ದರೆ 1. ಚಳಿಗಾಲದ ಒರಟು ರೋಮ ಪಕ್ಕೆಲುಬನ್ನು ಮುಚ್ಚಿಬಿಡುತ್ತದೆ, ಹಾಗಾಗಿ ಸಾಧ್ಯವಾದರೆ ಅಂಗೈ ಇಟ್ಟೇ ನೋಡಿ.

ತೂಕಕ್ಕೆ ದರ್ಜಿಯ ಟೇಪು ಸಾಕು. ಹೆಗಲ ಉಬ್ಬಿನ ಹಿಂದಿನಿಂದ ಮುಂಗಾಲ ಹಿಂದೆ ಎದೆ ಸುತ್ತಳತೆ, ಮುಂಭುಜದ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ತೆಗೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,877ರಿಂದ ಭಾಗಿಸಿದರೆ ಕಿಲೋ ತೂಕ. ಸುತ್ತಳತೆ 170, ಉದ್ದ 160 ಇದ್ದರೆ ಸುಮಾರು 389 ಕಿಲೋ.

ಆಮೇಲೆ ಬಾಯಿ ನೋಡಿ. ತುಟಿಯ ಎರಡೂ ಮೂಲೆಗಳು ಹರಿದು ಬಿಳಿಚಿಕೊಂಡು ಗಟ್ಟಿಯಾಗಿದ್ದರೆ ಮುಳ್ಳಿನ ಲಗಾಮು ಹಾಕುತ್ತಿದ್ದಾರೆ ಎಂಬ ಅನುಮಾನ ಬರಬೇಕು. ಬಾಯಿಯೊಳಗೆ ಹೋಗುವ ಕಬ್ಬಿಣದ ಸರಳಿಗೆ ಸಣ್ಣ ಮೊಳೆಗಳನ್ನು ಬೆಸೆದಿರುತ್ತಾರೆ. ಸವಾರ ಎಳೆದಾಗಲೆಲ್ಲ ಅವು ನಾಲಿಗೆಗೂ ಒಸಡಿಗೂ ನಾಟುತ್ತವೆ. ಟ್ರ್ಯಾಕ್‌ನಲ್ಲಿ ನೇರ ಓಡಲು ಕಲಿತ ಕುದುರೆ ಡೋಲು, ಪಟಾಕಿಗೆ ಬೆದರುತ್ತದೆ. ಅದನ್ನು ಅದುಮಿಡಲು ಕಂಡುಕೊಂಡ ಉಪಾಯ ಇದು. 1965ರ ಭಾರ ಎಳೆಯುವ ಹಾಗೂ ಹೊರುವ ಪ್ರಾಣಿಗಳ ನಿಯಮಗಳ ಪ್ರಕಾರ ಮುಳ್ಳಿನ ಲಗಾಮು ನಿಷಿದ್ಧ. ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, 37 ಡಿಗ್ರಿ ದಾಟಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ ಎಂದೂ ಅದೇ ನಿಯಮಗಳಲ್ಲಿದೆ.

ದೂರು ಬರೆಯುವ ಬಗೆ

ತುರ್ತಿದ್ದರೆ ಮೊದಲು 1962ಕ್ಕೆ ಕರೆ ಮಾಡಿ, ಇಲಾಖೆಯ ಸಂಚಾರಿ ಪಶು ಚಿಕಿತ್ಸಾ ವಾಹನ ಕೇಳಿ. ಬಂದ ವೈದ್ಯರಿಂದ ಬರವಣಿಗೆಯಲ್ಲಿ ವರದಿ ಪಡೆಯುವುದನ್ನು ಮರೆಯಬೇಡಿ. ಕುದುರೆಯನ್ನು ನೀವೇ ಬಿಚ್ಚಿಕೊಂಡು ಹೋದರೆ ಕಳ್ಳತನದ ಕೇಸು ನಿಮ್ಮ ಮೇಲೇ ಬೀಳುತ್ತದೆ.

ಪ್ರಾಣಿ ಹಿಂಸೆ ತಡೆ ಕಾಯ್ದೆ, 1960ರ 11(1) ಕಲಮಿನ ಯಾವ ಉಪಕಲಂ ಎಂದು ದೂರಿನಲ್ಲೇ ಬರೆಯಿರಿ. ಹೊಡೆತ, ಅತಿಯಾಗಿ ದುಡಿಸುವುದಕ್ಕೆ (ಎ). ಕುಂಟುತ್ತಿರುವ, ಗಾಯವಾದ ಕುದುರೆಯನ್ನು ಕೆಲಸಕ್ಕೆ ಹಚ್ಚಿದರೆ (ಬಿ). ಮಾಲೀಕ ಮೇವು, ನೀರು, ನೆರಳು ಕೊಡದಿದ್ದರೆ (ಹೆಚ್). ಹಸಿವು ಬಾಯಾರಿಕೆಯಿಂದ ನರಳುವಂತೆ ಕೈಬಿಟ್ಟರೆ (ಐ). ಈ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕೆ ದಂಡ ಈಗಲೂ 10ರಿಂದ 50 ರೂಪಾಯಿ. ಒಂದು ಕಂತೆ ಹಸಿ ಮೇವಿಗೂ ಸಾಲದ ಈ ಮೊತ್ತ ನಾಚಿಕೆಗೇಡು. ಮೇಲೆ ಹೇಳಿದ ನಾಲ್ಕೂ ಅಸಂಜ್ಞೇಯ (ನೇರ ಎಫ್‌ಐಆರ್ ಮಾಡಲಾಗದ) ಅಪರಾಧಗಳಾದ್ದರಿಂದ ಪೊಲೀಸರು ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಮಾತ್ರ ಮಾಡಿ, ಮ್ಯಾಜಿಸ್ಟ್ರೇಟರ ಅನುಮತಿ ಬೇಕು ಎನ್ನುತ್ತಾರೆ. ಅದು ಸರಿಯೇ. ಆದರೆ ಕುದುರೆಯನ್ನು ಕೊಂದಿದ್ದರೆ, ಅಂಗಹೀನ ಅಥವಾ ನಿರುಪಯುಕ್ತ ಮಾಡಿದ್ದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಇದೆ. ಐದು ವರ್ಷದವರೆಗೆ ಜೈಲು, ನೇರ ಎಫ್‌ಐಆರ್. ವೈದ್ಯರ ವರದಿಯಲ್ಲಿ ‘ಕಾಲು ಶಾಶ್ವತವಾಗಿ ಊನ’ ಎಂಬಂಥ ಖಚಿತ ಮಾತು ಇಲ್ಲದೆ ಈ ಕಲಂ ನಿಲ್ಲುವುದಿಲ್ಲ.

ಎಷ್ಟೋ ದೂರುಗಳು ಬಿದ್ದುಹೋಗುವುದು 36ನೇ ಕಲಂನಿಂದ. ಅಪರಾಧ ನಡೆದ ದಿನದಿಂದ ಮೂರು ತಿಂಗಳು ಕಳೆದರೆ 1960ರ ಕಾಯ್ದೆಯಡಿ ಮೊಕದ್ದಮೆ ಹೂಡುವಂತಿಲ್ಲ. ಠಾಣೆಯಲ್ಲಿ ‘ನೋಡೋಣ, ನಾಳೆ ಬನ್ನಿ’ ಎಂದು ದಿನ ತಳ್ಳಿದರೆ ಈ ಗಡುವು ದಾಟಿಹೋಗುತ್ತದೆ. ಆದ್ದರಿಂದ ದೂರು ಕೊಟ್ಟ ದಿನವೇ ಸೀಲು ಹಾಕಿದ ಸ್ವೀಕೃತಿ ಪಡೆಯಿರಿ. ಎಫ್‌ಐಆರ್ ಮಾಡದಿದ್ದರೆ ಹಿಂಬರಹ ಕೇಳಿ. ಅದೇ ದೂರಿನ ಪ್ರತಿಯನ್ನು ಜಿಲ್ಲಾ ಪ್ರಾಣಿ ದಯಾ ಸಂಘದ ಅಧ್ಯಕ್ಷರಾದ ಜಿಲ್ಲಾಧಿಕಾರಿಗೂ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೂ ಕಳಿಸಿ. ವಿಡಿಯೊ, ಫೋಟೊಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಫೈಲು ಫೋನಿನಲ್ಲೇ ಇರಲಿ, ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪ್ರತಿಯನ್ನು ನೆಚ್ಚಿಕೊಳ್ಳಬೇಡಿ.

ಜಪ್ತಿಯಾದ ಕುದುರೆ ಕೇಸು ಮುಗಿಯುವವರೆಗೆ ಎಲ್ಲಿರಬೇಕು ಎಂಬುದಕ್ಕೆ 2017ರ ‘ಮೊಕದ್ದಮೆ ಸ್ವತ್ತು ಪ್ರಾಣಿಗಳ’ ನಿಯಮಗಳಿವೆ. ಪಿಂಜರಾಪೋಲ್ (ದಿಕ್ಕಿಲ್ಲದ ಪ್ರಾಣಿಗಳನ್ನು ಸಾಕುವ ಆಶ್ರಯತಾಣ), ಪ್ರಾಣಿ ಕಲ್ಯಾಣ ಸಂಸ್ಥೆಯಂಥ ಕಡೆ ಬಿಡಲು ಮೊದಲ ದಿನವೇ ಅರ್ಜಿ ಹಾಕಿ. ತಡವಾದರೆ ಕುದುರೆ ಹಳೆಯ ಕೈಗೇ ವಾಪಸು ಹೋದೀತು.

ಮೊದಲ ಹತ್ತು ದಿನದ ಮೇವು

ಹಸಿದ ಕುದುರೆಯನ್ನು ಪ್ರೀತಿಯಿಂದಲೇ ಕೊಂದುಬಿಡಬಹುದು. ಜನ ಬೆಲ್ಲ, ಬಾಳೆಹಣ್ಣು, ಬೇಯಿಸಿದ ಹುರುಳಿ, ಬೂಸಾ ತಂದು ಸುರಿಯುತ್ತಾರೆ. ವಾರಗಟ್ಟಲೆ ಉಪವಾಸವಿದ್ದ ಮೈಗೆ ಒಮ್ಮೆಲೇ ಪಿಷ್ಟ, ಸಕ್ಕರೆ ಸೇರಿದರೆ ಇನ್ಸುಲಿನ್ ಏರಿ, ರಕ್ತದಲ್ಲಿ ಅಳಿದುಳಿದ ಫಾಸ್ಫೇಟ್, ಮೆಗ್ನೀಷಿಯಂ, ಪೊಟ್ಯಾಷಿಯಂ ಎಲ್ಲ ಜೀವಕೋಶಗಳ ಒಳಗೆ ನುಗ್ಗುತ್ತವೆ. ಹೃದಯ, ಉಸಿರಾಟ ಕೈಕೊಡುತ್ತವೆ. ಚೆನ್ನಾಗಿ ತಿನ್ನುತ್ತಿದ್ದ ಕುದುರೆ ಮೂರರಿಂದ ಐದು ದಿನದೊಳಗೆ ಕುಸಿದು ಬೀಳುವುದು ಹೀಗೆ.

ಅಂಕ 1 ಅಥವಾ 2 ಇದ್ದರೆ ಮೊದಲ ಮೂರು ದಿನ ಎಲೆ ತುಂಬಿದ ಒಣ ಲೂಸರ್ನ್ ಮಾತ್ರ. ರೈತರು ಕುದುರೆ ಮೆಂತೆ ಎನ್ನುವ ಮೇವೇ ಅದು. ನಾಲ್ಕು ಗಂಟೆಗೊಮ್ಮೆ ಸುಮಾರು 450 ಗ್ರಾಂ, ರಾತ್ರಿಯೂ ಸೇರಿ ಆರು ಹೊತ್ತು. ಒಟ್ಟು 2.7 ಕಿಲೋ. ಹಸಿ ಲೂಸರ್ನ್ ಮಾತ್ರ ಸಿಕ್ಕರೆ ಪ್ರತಿ ಹೊತ್ತಿಗೆ ಸುಮಾರು 2 ಕಿಲೋ, ಏಕೆಂದರೆ ಅದರಲ್ಲಿ ಹೆಚ್ಚಿನ ಪಾಲು ನೀರೇ. ನಾಲ್ಕನೆಯ ದಿನದಿಂದ ಪ್ರಮಾಣ ಏರಿಸಿ, ಹೊತ್ತು ಇಳಿಸಿ. ಆರನೆಯ ದಿನಕ್ಕೆ ಎಂಟು ಗಂಟೆಗೊಮ್ಮೆ 2 ಕಿಲೋ ಒಣ ಮೇವು ಆಗಬೇಕು. ಹತ್ತು ದಿನವಾದ ಮೇಲೆ ಎರಡು ಹೊತ್ತು, ತಿಂದಷ್ಟು. ಧಾನ್ಯ ತಿಂಗಳುಗಟ್ಟಲೆ ಬೇಡ. ರಾಗಿ ಹುಲ್ಲು, ಭತ್ತದ ಹುಲ್ಲನ್ನು ಶುರುವಿನಲ್ಲಿ ಹಾಕಬೇಡಿ. ಸವೆದ ಹಲ್ಲಿನಲ್ಲಿ ಅರೆಯಲಾಗದೆ, ನೀರೂ ಸಾಲದೆ ಕರುಳಿನಲ್ಲಿ ಗಟ್ಟಿಕಟ್ಟುತ್ತದೆ.

ಬಾಯಾರಿದ್ದರೆ ಬಕೆಟ್ಟಿನಲ್ಲಿ 4–5 ಲೀಟರ್, ಕಾಲು ಗಂಟೆ ಬಿಟ್ಟು ಮತ್ತೆ ಅಷ್ಟೇ. ಆಮೇಲೆ ಸದಾ ಮುಂದಿರಲಿ. ಜಂತುಹುಳದ ಮದ್ದು ಮೊದಲ ದಿನವೇ ಕೊಡಬೇಡಿ, ಒಟ್ಟಿಗೆ ಸತ್ತ ಹುಳುಗಳೇ ಕರುಳಿಗೆ ಭಾರ. ಯಾವಾಗ ಎಂಬುದನ್ನು ವೈದ್ಯರು ಹೇಳಲಿ. ದಿನಕ್ಕೆ ಎರಡು ಸಲ ಜ್ವರ, ನಾಡಿ, ಉಸಿರು ಬರೆದಿಡಿ. ಸಹಜ ಎಂದರೆ 37.5ರಿಂದ 38.5 ಡಿಗ್ರಿ, ನಿಮಿಷಕ್ಕೆ ನಾಡಿ 28–44, ಉಸಿರು 8–16. ನಿಂತಲ್ಲೇ ನಾಡಿ 60 ದಾಟಿದರೆ, ಕಾಲಿಗೆ ಬಾವು ಬಂದರೆ, ತನ್ನ ಹೊಟ್ಟೆಯ ಕಡೆ ತಿರುಗಿ ನೋಡುತ್ತಾ ನೆಲ ಕೆರೆದರೆ ವೈದ್ಯರನ್ನು ಕರೆಯಿರಿ, ಬೆಳಗಾಗಲಿ ಎಂದು ಕಾಯಬೇಡಿ. ಗೊರಸು ತೀಡುವ, ಲಾಳ ಬಿಚ್ಚುವ ಕೆಲಸ ನಾಲ್‌ಬಂದ್‌ರಿಂದ ಎರಡನೆಯ ವಾರದಲ್ಲಾದರೂ ಆಗಬಹುದು.

ಮೇಲಿನವರನ್ನು ಕೇಳುವುದು

ಹೆಸರು ಸಿಕ್ಕ ಮೇಲೆ ಕೊನೆಯ ಮಾಲೀಕರಿಗೂ ಕುದುರೆ ಓಡಿದ ಕ್ಲಬ್ಬಿಗೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಮೂರು ಪ್ರಶ್ನೆ ಕೇಳಿ: ಕುದುರೆ ಯಾವ ದಿನ ಲಾಯ ಬಿಟ್ಟಿತು, ಯಾರಿಗೆ ಹಸ್ತಾಂತರವಾಯಿತು, ಕಾಗದ ಎಲ್ಲಿದೆ. ಕರ್ನಾಟಕದಲ್ಲಿ ರೇಸ್‌ಕೋರ್ಸುಗಳು ನಡೆಯುವುದು 1952ರ ಮೈಸೂರು ರೇಸ್‌ಕೋರ್ಸ್ ಲೈಸೆನ್ಸಿಂಗ್ ಕಾಯ್ದೆಯಡಿ, ಸರ್ಕಾರದ ಪರವಾನಗಿಯಿಂದ. ಕ್ಲಬ್ ಉತ್ತರಿಸದಿದ್ದರೂ ಪರವಾನಗಿಯ ಷರತ್ತುಗಳಲ್ಲಿ ಕುದುರೆಗಳ ಬಗ್ಗೆ ಏನಿದೆ ಎಂದು ಸರ್ಕಾರವನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ. ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಎರಡು ವಿಷಯ ಸೇರಿಸಿದರೆ ಅದನ್ನೇ ನೆಪ ಮಾಡಿ ತಿರಸ್ಕರಿಸುತ್ತಾರೆ.

ಬೇರೆಡೆ ಈ ಹೊಣೆ ರೇಸ್ ನಡೆಸುವವರ ಮೇಲೇ ಇದೆ. ಬ್ರಿಟನ್ನಿನಲ್ಲಿ 2000ದಿಂದ ನಿವೃತ್ತ ಕುದುರೆಗಳ ಮರುತರಬೇತಿಗೆ ರೇಸ್ ಉದ್ಯಮದ್ದೇ ಸಂಸ್ಥೆಯಿದೆ. 2022ರಿಂದ, ಮಾಂಸಕ್ಕೆ ಹೋಗುವುದಿಲ್ಲ ಎಂದು ತನ್ನ ಪಾಸ್‌ಪೋರ್ಟಿನಲ್ಲಿ (ಕುದುರೆಯ ಗುರುತಿನ ದಾಖಲೆ) ನಮೂದಾಗದ ಕುದುರೆ ಅಲ್ಲಿ ಓಡುವಂತಿಲ್ಲ. ಇಲ್ಲಿ 2025ರಲ್ಲಿ ಹೈದರಾಬಾದಿನಿಂದ ಮಧ್ಯಪ್ರದೇಶದ ಜಬಲ್ಪುರಕ್ಕೆ ಸಾಗಿಸಿದ ಹತ್ತಾರು ಕುದುರೆಗಳಲ್ಲಿ ಹಲವು ಸತ್ತ ಮೇಲೆ ಲೆಕ್ಕ ಕೇಳಲು ಹೊರಟವರು ಹೈಕೋರ್ಟ್ ಹತ್ತಬೇಕಾಯಿತು.

ಇದನ್ನು ಓದುತ್ತಿರುವ ಮಾಲೀಕರು ಇದ್ದರೆ, ಕುದುರೆಯನ್ನು ಬಾಯಿಮಾತಿನಲ್ಲಿ ಯಾರಿಗೂ ಕೊಡಬೇಡಿ. ಛಾಪಾ ಕಾಗದದಲ್ಲಿ ಚಿಪ್ ಸಂಖ್ಯೆ ಬರೆಸಿ. ಮತ್ತೆ ಓಡಿಸುವುದಿಲ್ಲ, ನಿಮಗೆ ತಿಳಿಸದೆ ಮಾರುವುದಿಲ್ಲ, ಸಾಕಲಾಗದಿದ್ದರೆ ನಿಮಗೇ ಹಿಂದಿರುಗಿಸುತ್ತಾರೆ, ವರ್ಷಕ್ಕೆರಡು ಸಲ ನೋಡಲು ಬಿಡುತ್ತಾರೆ ಎಂಬ ನಾಲ್ಕು ಷರತ್ತು ಹಾಕಿಸಿ. ಕೊಡುವ ಮುನ್ನ ಮೂರು ನಾಲ್ಕು ವಾರ ನಿಮ್ಮ ಲಾಯದಲ್ಲೇ ಧಾನ್ಯ ಇಳಿಸುತ್ತಾ, ಹುಲ್ಲು ಏರಿಸುತ್ತಾ, ಬಯಲಿಗೆ ಬಿಡುವ ಹೊತ್ತನ್ನು ದಿನಕ್ಕೊಂದು ಗಂಟೆಯಿಂದ ಹೆಚ್ಚಿಸುತ್ತಾ ಬನ್ನಿ. ರೇಸ್ ಕುದುರೆಗಳಲ್ಲಿ ಹೊಟ್ಟೆಹುಣ್ಣು ತೀರಾ ಸಾಮಾನ್ಯ, ನಾಲ್ಕೈದು ಗಂಟೆಗಿಂತ ಹೆಚ್ಚು ಹೊಟ್ಟೆ ಖಾಲಿ ಇರಬಾರದು.

ಕುದುರೆ ನಿಮ್ಮ ಅಥವಾ ಸಂಸ್ಥೆಯ ಸುಪರ್ದಿಗೆ ಬಂದಿದ್ದರೆ ಪ್ರತಿ ಸೋಮವಾರ ಒಂದೇ ಹೊತ್ತಿಗೆ, ಒಂದೇ ಟೇಪಿನಿಂದ ಎದೆ ಸುತ್ತಳತೆ ತೆಗೆದು, ಎಡ, ಬಲ, ಹಿಂಬದಿಯ ಮೂರು ಫೋಟೊದೊಂದಿಗೆ ಪುಸ್ತಕದಲ್ಲಿ ಬರೆಯಿರಿ. ಒಂದು ತಿಂಗಳಿಗೆ ವ್ಯತ್ಯಾಸ ಕಾಣುತ್ತದೆ, ಪೂರ್ತಿ ಮೈದುಂಬಲು ಮೂರರಿಂದ ಹತ್ತು ತಿಂಗಳು ಹಿಡಿದೀತು. ‘ಅದರ ಮೈಕಟ್ಟೇ ಹಾಗೆ ಸ್ವಾಮಿ, ಎಷ್ಟು ತಿಂದರೂ ಮೈ ಹಿಡಿಯಲ್ಲ’ ಎಂದು ಹಳೆಯ ಕೈಯವರು ಕುದುರೆ ವಾಪಸು ಕೇಳಿದ ದಿನ, ನ್ಯಾಯಾಲಯದ ಮುಂದೆ ಇಡಬೇಕಾದದ್ದು ಆ ಪುಸ್ತಕ.