ಮತ್ತೆ ಮತ್ತೆ ಗರ್ಭಪಾತವಾದಾಗ ಮನಸ್ಸನ್ನು ನೋಡಿಕೊಳ್ಳೋದು ಹೇಗೆ

ಕೊಡ ಎತ್ತಿದ್ದಕ್ಕೆ, ಬಸ್ಸಲ್ಲಿ ಹರಿಹರಕ್ಕೆ ಹೋಗಿಬಂದಿದ್ದಕ್ಕೆ ಹೀಗಾಯ್ತು ಅಂತ ಯಾರೇ ಹೇಳಲಿ, ನಂಬಬೇಡಿ. ಮೊದಲ ಮೂರು ತಿಂಗಳಲ್ಲಿ ಗರ್ಭ ಹೋಗೋದಕ್ಕೆ ಹೆಚ್ಚಾಗಿ ಕಾರಣ ಭ್ರೂಣದ ಕ್ರೋಮೋಸೋಮ್‌ನಲ್ಲಿನ (ಜೀವಕೋಶದೊಳಗೆ ವಂಶವಾಹಿಗಳಿರುವ ಎಳೆ) ದೋಷ, ನಿಮ್ಮ ತಪ್ಪಲ್ಲ. ಎರಡು ಸಲ ಆಗಿದ್ದರೆ ಗಂಡ ಹೆಂಡತಿ ಇಬ್ಬರಿಗೂ ಯಾವ ಪರೀಕ್ಷೆ ಬೇಕು ಅಂತ ಡಾಕ್ಟರನ್ನು ಕೇಳಿ.

ಅಳು ಬಂದರೆ ಅತ್ತುಬಿಡಿ. ಯಾರದೋ ಸೀಮಂತಕ್ಕೆ ಹೋಗಲು ಮನಸ್ಸಿಲ್ಲವಾ, ಹೋಗಬೇಡಿ. ಅತ್ತೆಗೆ ತಿಳಿಸಿ ಹೇಳುವ ಕೆಲಸ ಗಂಡ ಮಾಡಲಿ. ಗಂಡನಿಗೂ ಸಂಕಟ ಇರುತ್ತೆ ಅಲ್ವಾ, ಸುಮ್ನೆ ನುಂಗಿಕೊಳ್ಳದೆ ಇಬ್ಬರೂ ಮಾತಾಡಿ.

ನಿದ್ದೆ, ಊಟ ಎರಡು ವಾರಕ್ಕಿಂತ ಜಾಸ್ತಿ ಕೆಟ್ಟರೆ, ಬದುಕೇ ಬೇಡ ಅನಿಸಿದರಂತೂ ಆ ಕ್ಷಣವೇ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಪುಕ್ಕಟೆ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಎದುರು ಕೂತೇ ಹೇಳಿಕೊಳ್ಳಬೇಕು ಅನಿಸಿದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ, ಆಪ್ತಸಮಾಲೋಚನೆ ಬೇಕು ಅಂತ ನೇರವಾಗಿ ಕೇಳಿ.