ಲ್ಯಾಪ್‌ಟಾಪ್ ಬಿಚ್ಚಿ ಬಿಡಿಭಾಗ ಬದಲಿಸುವುದು ಹೇಗೆ?

ಕೆಲವು ವರ್ಷ ದುಡಿದ ಲ್ಯಾಪ್‌ಟಾಪ್ ತೀರಾ ನಿಧಾನವಾದರೆ, ಇಲ್ಲವೇ ಚಾರ್ಜರ್ ತೆಗೆದ ಸ್ವಲ್ಪ ಹೊತ್ತಿಗೇ ಆರಿಹೋಗತೊಡಗಿದರೆ, ಅದನ್ನು ಮೂಲೆಗೆ ಸೇರಿಸಿ ಹೊಸದನ್ನು ಕೊಳ್ಳುವುದೊಂದೇ ದಾರಿ ಎಂದು ಬಹಳಷ್ಟು ಜನ ಭಾವಿಸುತ್ತಾರೆ. ಆದರೆ ಎಷ್ಟೋ ಸಲ ಸೋತಿರುವುದು ಅದರ ಹಾರ್ಡ್‌ಡಿಸ್ಕ್ ಅಥವಾ ಬ್ಯಾಟರಿ ಮಾತ್ರ. ತಟ್ಟೆ ತಿರುಗುವ ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಮಾಹಿತಿ ಇಡುವ ಡಿಸ್ಕ್) ಹಾಕಿದಾಗ ಅದೇ ಪ್ರೊಸೆಸರ್, ಅದೇ ಪರದೆಯ ಯಂತ್ರ ಎಷ್ಟು ಚುರುಕಾಗುತ್ತದೆ ಎಂಬುದನ್ನು ಒಮ್ಮೆ ಕಂಡವರು ಅದನ್ನು ಸುಲಭವಾಗಿ ಕೈಬಿಡಲಾರರು. ಈ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ನಿಯಮವನ್ನು ಮಾತ್ರ ಮೊದಲಿನಿಂದ ಕೊನೆಯವರೆಗೂ ಬಿಡದೆ ಪಾಲಿಸಬೇಕು: ಯಾವುದೇ ಭಾಗ ಹಗುರವಾಗಿ ಎತ್ತಿದಾಗ ಬರದಿದ್ದರೆ ಅದನ್ನು ಇನ್ನೂ ಏನೋ ಹಿಡಿದಿಟ್ಟಿದೆ; ಬಲ ಹಾಕುವ ಮೊದಲು ಆ ಹಿಡಿತ ಎಲ್ಲಿದೆಯೆಂದು ಹುಡುಕಬೇಕು.

ಕೊಳ್ಳುವ ಮೊದಲು ತಿಳಿಯಬೇಕಾದದ್ದು

ಲ್ಯಾಪ್‌ಟಾಪ್‌ನ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ ಅದರ ಪೂರ್ಣ ಮಾದರಿ ಸಂಖ್ಯೆ ಇರುತ್ತದೆ. ಡೆಲ್, ಎಚ್‌ಪಿ, ಲೆನೊವೊ ಮೊದಲಾದ ತಯಾರಕರು ತಮ್ಮ ಅನೇಕ ಮಾದರಿಗಳ ದುರಸ್ತಿ ಕೈಪಿಡಿಯನ್ನು ತಮ್ಮ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಯಾವ ಸ್ಕ್ರೂ ಎಲ್ಲಿದೆ, ಯಾವ ಭಾಗವನ್ನು ಯಾವುದರ ನಂತರ ತೆಗೆಯಬೇಕು ಎಂಬುದೆಲ್ಲ ಚಿತ್ರಸಮೇತ ಅದರಲ್ಲಿರುತ್ತದೆ. ಬೇರೆ ಮಾದರಿಯ ವಿಡಿಯೊ ನೋಡಿ ಅಂದಾಜಿನ ಮೇಲೆ ಕೈಹಾಕುವುದಕ್ಕಿಂತ ತಮ್ಮ ಮಾದರಿಯ ಕೈಪಿಡಿಯನ್ನು ನಿಧಾನವಾಗಿ ಓದುವುದು ಮೇಲು.

ಎಲ್ಲ ಭಾಗಗಳನ್ನೂ ಬದಲಿಸಲು ಬರುವುದಿಲ್ಲ. ತೆಳುವಾದ ಅನೇಕ ಮಾದರಿಗಳಲ್ಲಿ ರ‍್ಯಾಮ್ (ಯಂತ್ರ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಮೆಮೊರಿ) ಅನ್ನು ಎಲ್ಲ ಭಾಗಗಳೂ ಸೇರುವ ಮುಖ್ಯ ಫಲಕವಾದ ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. 2020ರಿಂದೀಚೆಗೆ ಬಂದ, ಆ್ಯಪಲ್‌ನ ಸ್ವಂತ ಚಿಪ್ ಇರುವ ಮ್ಯಾಕ್‌ಬುಕ್‌ಗಳಲ್ಲಂತೂ ಅದು ಪ್ರೊಸೆಸರ್ ಜತೆಗೇ ಸೇರಿಕೊಂಡಿದೆ. ಸ್ಲಾಟ್ ಇರುವ ಯಂತ್ರಗಳಲ್ಲೂ ರ‍್ಯಾಮ್‌ನ ಪೀಳಿಗೆ ಹೊಂದಲೇಬೇಕು. ಲ್ಯಾಪ್‌ಟಾಪಿನ ಡಿಡಿಆರ್3 ರ‍್ಯಾಮ್‌ಗೆ 204, ಡಿಡಿಆರ್4ಗೆ 260, ಡಿಡಿಆರ್5ಗೆ 262 ಪಿನ್‌ಗಳಿರುತ್ತವೆ, ಮೂರರಲ್ಲೂ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ. ಎಸ್‌ಎಸ್‌ಡಿ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಉದ್ದನೆಯ ಚೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2 ಎಸ್‌ಎಸ್‌ಡಿಯ ಮೇಲೆ 2280 ಎಂದಿದ್ದರೆ ಅದರ ಅಗಲ 22 ಮಿಲಿಮೀಟರ್, ಉದ್ದ 80 ಮಿಲಿಮೀಟರ್; 2242 ಎಂದಿದ್ದರೆ ಉದ್ದ 42 ಮಿಲಿಮೀಟರ್. ಗಾತ್ರ ಹೊಂದಿದ ಮಾತ್ರಕ್ಕೆ ಸಾಲದು, ಏಕೆಂದರೆ ಈ ಆಕಾರದಲ್ಲೇ ಸಾಟಾ ಮತ್ತು ಎನ್‌ವಿಎಂಇ ಎಂಬ, ಯಂತ್ರದೊಡನೆ ಮಾಹಿತಿ ವಿನಿಮಯ ಮಾಡುವ ರೀತಿಯಲ್ಲಿ ಬೇರೆಯಾದ ಎರಡು ಬಗೆಗಳಿದ್ದು, ಕೆಲವು ಲ್ಯಾಪ್‌ಟಾಪ್‌ಗಳು ಒಂದನ್ನು ಮಾತ್ರ ಒಪ್ಪುತ್ತವೆ. ಹಳೆಯ 2.5 ಇಂಚಿನ ಡಿಸ್ಕ್ ಇರುವಲ್ಲಿ ದಪ್ಪ 7 ಮಿಲಿಮೀಟರೋ 9.5 ಮಿಲಿಮೀಟರೋ ಎಂದು ನೋಡಿದರಾಯಿತು. ಬ್ಯಾಟರಿಗಾದರೆ ಅದರ ಮೈಮೇಲೆಯೇ ಮುದ್ರಿಸಿರುವ ಬಿಡಿಭಾಗದ ಸಂಖ್ಯೆಯನ್ನು ನಂಬುವುದು ಒಳ್ಳೆಯದು.

ಮಾಹಿತಿಯ ರಕ್ಷಣೆ ಮೊದಲು

ಸ್ಕ್ರೂಡ್ರೈವರ್ ಹಿಡಿಯುವ ಮುನ್ನ ಮುಖ್ಯ ಕಡತಗಳ ಪ್ರತಿ ಬೇರೊಂದು ಡಿಸ್ಕಿನಲ್ಲಿರಬೇಕು. ವಿಂಡೋಸ್‌ನಲ್ಲಿ ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀ ಕಾಗದದ ಮೇಲೆ ಬರೆದಿರಬೇಕು. ಒಳಗಿನ ಭಾಗ ಬದಲಾದದ್ದನ್ನು ಕಂಡ ಯಂತ್ರ ಅದನ್ನು ಕೇಳಬಹುದು, ಆಗ ಆ ಕೀ ಅದೇ ಲ್ಯಾಪ್‌ಟಾಪ್‌ನೊಳಗಿದ್ದರೆ ಪ್ರಯೋಜನವಿಲ್ಲ. ಬ್ಯಾಟರಿಯ ಚಾರ್ಜ್ ಕಾಲುಭಾಗಕ್ಕಿಂತ ಕೆಳಗಿಳಿಯುವವರೆಗೆ ಬಳಸಿ ನಂತರ ಕೆಲಸ ಆರಂಭಿಸುವುದು ಕ್ಷೇಮ, ಏಕೆಂದರೆ ತುಂಬಿದ ಲಿಥಿಯಂ ಬ್ಯಾಟರಿಗೆ ಅಕಸ್ಮಾತ್ ಪೆಟ್ಟಾದರೆ ಬೆಂಕಿಯ ಅಪಾಯ ಖಾಲಿ ಬ್ಯಾಟರಿಗಿಂತ ಬಹಳ ಹೆಚ್ಚು. ನಂತರ ಯಂತ್ರವನ್ನು ಸ್ಲೀಪ್‌ಗೆ ಹಾಕದೆ ಪೂರ್ಣವಾಗಿ ಶಟ್‌ಡೌನ್ ಮಾಡಿ, ಚಾರ್ಜರ್, ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಎಲ್ಲವನ್ನೂ ತೆಗೆಯಬೇಕು.

ಸಲಕರಣೆಗಳು ಬಹಳ ಬೇಕಿಲ್ಲ. ಪಿಎಚ್0 ಮತ್ತು ಪಿಎಚ್00 ಅಳತೆಯ ಸ್ಟಾರ್ ಸ್ಕ್ರೂಡ್ರೈವರ್‌ಗಳು ಹೆಚ್ಚಿನ ಕೆಲಸಕ್ಕೆ ಸಾಕು. ಕೆಲವು ಮಾದರಿಗಳಿಗೆ ಆರು ಮೂಲೆಯ ಟಾರ್ಕ್ಸ್ ಟಿ5, ಮ್ಯಾಕ್‌ಬುಕ್‌ಗಳ ಹೊರ ಮುಚ್ಚಳಕ್ಕೆ ಐದು ದಳದ ಪೆಂಟಲೋಬ್ ಬೇಕಾಗುತ್ತದೆ. ಮುಚ್ಚಳ ಬಿಡಿಸಲು ತೆಳುವಾದ ಪ್ಲಾಸ್ಟಿಕ್ ಪಿಕ್ ಇರಲಿ, ಚಾಕು ಬೇಡ. ಮೈಯಲ್ಲಿ ಸೇರಿಕೊಳ್ಳುವ ಸ್ಥಿರ ವಿದ್ಯುತ್ತನ್ನೂ ಮರೆಯುವಂತಿಲ್ಲ. ಅದು ನಮ್ಮ ಬೆರಳಿಗೆ ಚುರುಕ್ಕೆನ್ನಲು ಸುಮಾರು 3000 ವೋಲ್ಟ್ ಆಗಬೇಕು, ಆದರೆ ಅದಕ್ಕಿಂತ ಎಷ್ಟೋ ಕಡಿಮೆ ವೋಲ್ಟೇಜಿಗೇ ಚಿಪ್‌ಗಳು ಹಾಳಾಗಬಲ್ಲವು, ಅಂದರೆ ನಮ್ಮ ಅರಿವಿಗೆ ಬಾರದೆಯೇ ಹಾನಿ ನಡೆದುಹೋಗಿರುತ್ತದೆ. ಮಣಿಕಟ್ಟಿಗೆ ಕಟ್ಟುವ ಆ್ಯಂಟಿ-ಸ್ಟ್ಯಾಟಿಕ್ ಪಟ್ಟಿ ಇದ್ದರೆ ಉತ್ತಮ; ಇಲ್ಲದಿದ್ದರೆ ನೆಲಕ್ಕೆ ಅರ್ಥ್ ಆದ ಲೋಹದ ವಸ್ತುವನ್ನು ಆಗಾಗ ಮುಟ್ಟುತ್ತಿರಬೇಕು, ಜಮಖಾನದ ಮೇಲೆ ಕುಳಿತು ಈ ಕೆಲಸ ಮಾಡಬಾರದು.

ಮುಚ್ಚಳ ತೆರೆಯುವುದು

ಸ್ಕ್ರೂಗಳೆಲ್ಲ ಒಂದೇ ಉದ್ದದವಲ್ಲ. ಕೀಲುಗಳ ಬಳಿಯವು ಸಾಮಾನ್ಯವಾಗಿ ಉದ್ದವಾಗಿದ್ದು, ಮುಂಭಾಗದವು ಗಿಡ್ಡವಾಗಿರುತ್ತವೆ. ಗಿಡ್ಡ ಸ್ಕ್ರೂ ಇರಬೇಕಾದ ತೂತಿಗೆ ಉದ್ದದ್ದನ್ನು ಹಾಕಿ ಬಿಗಿದರೆ ಅದರ ತುದಿ ಮದರ್‌ಬೋರ್ಡನ್ನು ಚುಚ್ಚಬಹುದು ಅಥವಾ ಕೀಬೋರ್ಡಿನ ಬದಿಯಲ್ಲಿ ಉಬ್ಬಾಗಿ ಏಳಬಹುದು. ಹೀಗಾಗಿ ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪ್ ಅಡಿಯ ಆಕಾರ ಬರೆದುಕೊಂಡು, ತೆಗೆದ ಪ್ರತಿ ಸ್ಕ್ರೂವನ್ನೂ ಅದರದೇ ಜಾಗದಲ್ಲಿ ಟೇಪಿನಿಂದ ಅಂಟಿಸುವ ಕ್ರಮ ನನಗೆ ಬಹಳ ಮೆಚ್ಚುಗೆಯಾದದ್ದು. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದೊಂದು ಫೋಟೊ ತೆಗೆದಿಟ್ಟರೆ ಕೇಬಲ್‌ಗಳ ದಾರಿಯೂ ದಾಖಲಾಗುತ್ತದೆ.

ಸ್ಕ್ರೂ ಬಿಚ್ಚುವಾಗ ಕೆಳಕ್ಕೆ ಒತ್ತುವ ಬಲ ಹೆಚ್ಚಿರಲಿ, ತಿರುಗಿಸುವ ಬಲ ಕಡಿಮೆಯಿರಲಿ. ಸ್ಕ್ರೂಡ್ರೈವರ್ ಜಾರಿದ್ದು ಗೊತ್ತಾದ ಕೂಡಲೇ ನಿಲ್ಲಿಸಿ ಅಳತೆ ಬದಲಿಸಬೇಕು. ಇನ್ನೆರಡು ಸಲ ಜಾರಿದರೆ ತಲೆಯ ಗೀರು ಸವೆದು ಸ್ಕ್ರೂ ಅಲ್ಲೇ ಉಳಿಯುತ್ತದೆ. ಕೆಲವು ಸ್ಕ್ರೂಗಳು ಪೂರ್ತಿ ಸಡಿಲವಾದರೂ ಮುಚ್ಚಳದಲ್ಲೇ ಉಳಿಯುವಂತೆ ಮಾಡಿರುತ್ತಾರೆ, ಅವನ್ನು ಹೊರಗೆಳೆಯಲು ಹೋಗಬಾರದು. ಕಾಣುವ ಸ್ಕ್ರೂಗಳೆಲ್ಲ ಬಂದ ಮೇಲೂ ಮುಚ್ಚಳದ ಒಂದು ಭಾಗ ಅಲುಗದಿದ್ದರೆ ರಬ್ಬರ್ ಪಾದಗಳ ಕೆಳಗೆ, ಚೀಟಿಗಳ ಹಿಂದೆ, ಡಿವಿಡಿ ಡ್ರೈವ್ ಇದ್ದರೆ ಅದನ್ನು ತೆಗೆದ ಗೂಡಿನೊಳಗೆ ಹುಡುಕಬೇಕು. ಉಳಿದದ್ದು ಅಂಚಿನ ಸುತ್ತಲಿನ ಪ್ಲಾಸ್ಟಿಕ್ ಕೊಕ್ಕೆಗಳ ಹಿಡಿತ. ಸಂದಿನಲ್ಲಿ ಪಿಕ್‌ನ ತುದಿಯನ್ನಷ್ಟೇ ತೂರಿಸಿ ಸರಿಸುತ್ತ ಹೋದರೆ ಒಂದೊಂದೇ ಕೊಕ್ಕೆ ಟಿಕ್ ಎಂದು ಬಿಡುತ್ತದೆ. ಆ ಸದ್ದಿಗೆ ಹೆದರಬೇಕಿಲ್ಲ, ಆದರೆ ಮುಚ್ಚಳವನ್ನು ಒಮ್ಮೆಲೇ ಎತ್ತಿಬಿಡಬಾರದು. ಸ್ಪೀಕರ್‌ನದೋ ಬೆರಳಚ್ಚು ಸೆನ್ಸರ್‌ನದೋ ಕೇಬಲ್ ಅದಕ್ಕೆ ಅಂಟಿಕೊಂಡಿರಬಹುದು.

ತೆರೆದ ಮೇಲೆ ಮೊದಲ ಕೆಲಸ

ಬೇರೆ ಏನನ್ನೂ ಮುಟ್ಟುವ ಮೊದಲು ಬ್ಯಾಟರಿಯ ಕನೆಕ್ಟರನ್ನು ಬೋರ್ಡಿನಿಂದ ಬಿಡಿಸಬೇಕು. ಇದಕ್ಕೆ ವಿನಾಯಿತಿ ಇಲ್ಲ. ವಿದ್ಯುತ್ ಹರಿಯುತ್ತಿರುವ ಬೋರ್ಡಿನ ಮೇಲೆ ಒಂದು ಸ್ಕ್ರೂ ಉರುಳಿದರೂ ಶಾರ್ಟ್ ಆಗುತ್ತದೆ. ಕೆಲವು ಕನೆಕ್ಟರ್‌ಗಳು ಬೋರ್ಡಿಗೆ ಸಮಾನಾಂತರವಾಗಿ ಜಾರುತ್ತವೆ, ಕೆಲವು ನೇರ ಮೇಲಕ್ಕೆ ಬರುತ್ತವೆ. ತಂತಿಗಳನ್ನು ಹಿಡಿದೆಳೆಯದೆ ಕನೆಕ್ಟರಿನ ಎರಡು ಅಂಚುಗಳನ್ನು ಪ್ಲಾಸ್ಟಿಕ್ ತುದಿಯಿಂದ ಸರದಿಯಂತೆ ದೂಡಬೇಕು. ಬಿಡಿಸಿದ ನಂತರ ಪವರ್ ಬಟನನ್ನು ಹದಿನೈದು ಸೆಕೆಂಡ್ ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದ ಚಾರ್ಜ್ ಇಳಿಯುತ್ತದೆ.

ರ‍್ಯಾಮ್ ಬದಲಿಸುವುದು ಎಲ್ಲಕ್ಕಿಂತ ಸುಲಭ. ಎರಡು ಬದಿಯ ಕ್ಲಿಪ್‌ಗಳನ್ನು ಹೊರಕ್ಕೆ ಸರಿಸಿದರೆ ಪಟ್ಟಿ ತಾನಾಗಿ ಓರೆಯಾಗಿ ಏಳುತ್ತದೆ. ಹೊಸದನ್ನು ಅದೇ ಓರೆಯಲ್ಲಿ, ಸುಮಾರು 30 ಡಿಗ್ರಿ ಕೋನದಲ್ಲಿ, ಚಿನ್ನದ ಬಣ್ಣದ ಪಿನ್‌ಗಳು ಬಹುಮಟ್ಟಿಗೆ ಮರೆಯಾಗುವವರೆಗೆ ಒಳಕ್ಕೆ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿದರೆ ಕ್ಲಿಪ್‌ಗಳು ಕೂರುತ್ತವೆ. ಎಂ.2 ಎಸ್‌ಎಸ್‌ಡಿಯೂ ಹೀಗೆಯೇ, ಅದರ ತುದಿಯನ್ನು ಒಂದು ಸ್ಕ್ರೂ ಹಿಡಿದಿರುತ್ತದೆ. 2.5 ಇಂಚಿನ ಡಿಸ್ಕ್ ಬದಲಿಸುವವರು ಹಳೆಯದಕ್ಕೆ ತೊಡಿಸಿದ ಲೋಹದ ಚೌಕಟ್ಟನ್ನು ಹೊಸದಕ್ಕೆ ಜೋಡಿಸಲು ಮರೆಯಬಾರದು.

ಕೈ ನಡುಗುವುದು ಪಟ್ಟಿ ಕೇಬಲ್‌ಗಳ ಬಳಿ. ಟಚ್‌ಪ್ಯಾಡ್, ಕೀಬೋರ್ಡ್‌ಗಳಿಂದ ಬರುವ ಕಾಗದದಷ್ಟು ತೆಳುವಾದ ಈ ಕೇಬಲ್ ಒಂದು ಸಣ್ಣ ಕನೆಕ್ಟರಿನೊಳಗೆ ಹೋಗಿರುತ್ತದೆ, ಅದರ ಮೇಲೆ ಉಗುರಿನ ಅಂಚಿನಷ್ಟೇ ದಪ್ಪದ, ಹೆಚ್ಚಾಗಿ ಕಪ್ಪು ಅಥವಾ ಬಿಳಿ ಬಣ್ಣದ ಒಂದು ಲಾಕ್ ಪಟ್ಟಿ ಇರುತ್ತದೆ. ಅದನ್ನು ಮೇಲಕ್ಕೆ ಮಗುಚಿದ ನಂತರವೇ ಕೇಬಲ್ ಸಲೀಸಾಗಿ ಜಾರಿ ಬರುತ್ತದೆ. ಲಾಕ್ ಕೇಬಲ್ ಒಳಹೋಗುವ ಬದಿಯಲ್ಲೂ ಇರಬಹುದು, ಅದರ ಎದುರು ಬದಿಯಲ್ಲೂ ಇರಬಹುದು. ಇನ್ನು ಕೆಲವದರಲ್ಲಿ ಮಗುಚುವ ಬದಲು ಹೊರಕ್ಕೆ ಒಂದೆರಡು ಮಿಲಿಮೀಟರ್ ಸರಿಸಬೇಕಾಗುತ್ತದೆ. ಆದ್ದರಿಂದ ಮುಟ್ಟುವ ಮೊದಲು ಬೆಳಕು ಹಿಡಿದು, ಬೇಕಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿ, ಲಾಕ್ ಯಾವ ಬಗೆಯದೆಂದು ಖಚಿತಪಡಿಸಿಕೊಳ್ಳಬೇಕು. ಅದು ಮುರಿದರೆ ಬೋರ್ಡಿನ ಮೇಲೆ ಹೊಸ ಕನೆಕ್ಟರನ್ನೇ ಬೆಸುಗೆ ಹಾಕಬೇಕಾಗುತ್ತದೆ, ಅದು ಮನೆಯಲ್ಲಿ ಆಗುವ ಕೆಲಸವಲ್ಲ. ಮರಳಿ ಹಾಕುವಾಗ ಕೇಬಲ್ ನೇರವಾಗಿ, ಅದರ ಮೇಲಿನ ಗುರುತಿನ ಗೆರೆಯವರೆಗೂ ಒಳಹೋಗಿದೆಯೇ ಎಂದು ನೋಡಿ ಲಾಕ್ ಒತ್ತಬೇಕು. ಒಂದು ಬದಿ ಚೂರು ಓರೆಯಾದರೂ ಟಚ್‌ಪ್ಯಾಡ್ ಕೆಲಸ ಮಾಡುವುದಿಲ್ಲ.

ಬ್ಯಾಟರಿ ಮತ್ತು ಫ್ಯಾನ್

ಸ್ಕ್ರೂಗಳಿಂದ ಬಿಗಿದ ಬ್ಯಾಟರಿಯನ್ನು ಬದಲಿಸುವುದು ಕಷ್ಟವಲ್ಲ. ಅಂಟು ಹಾಕಿ ಕೂರಿಸಿದ್ದರೆ ಮಾತ್ರ ಯೋಚಿಸಬೇಕು. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳ ಉಬ್ಬಿ ಯಂತ್ರ ಮೇಜಿನ ಮೇಲೆ ಅಲುಗಾಡುತ್ತಿದ್ದರೆ ಒಳಗೆ ಬ್ಯಾಟರಿ ಊದಿದೆ ಎಂದು ತಿಳಿದು ಚಾರ್ಜ್ ಮಾಡುವುದನ್ನು ಕೂಡಲೇ ನಿಲ್ಲಿಸಬೇಕು. ಊದಿದ ಬ್ಯಾಟರಿಯನ್ನು ಒತ್ತುವುದು, ಬಗ್ಗಿಸುವುದು, ಲೋಹದ ಸಲಕರಣೆಯಿಂದ ಮೀಟುವುದು ಎಲ್ಲವೂ ಅಪಾಯಕಾರಿ. ಊದಿರುವುದರ ಜತೆಗೆ ಅಂಟಿಕೊಂಡೂ ಇದ್ದರೆ ಅದನ್ನು ಅನುಭವವಿರುವ ತಂತ್ರಜ್ಞರಿಗೇ ಬಿಡಬೇಕೆಂದು ಒತ್ತಿ ಹೇಳುತ್ತೇನೆ.

ಫ್ಯಾನ್‌ನ ಧೂಳನ್ನು ಗಾಳಿ ಊದಿ ತೆಗೆಯುವಾಗ ಅದರ ರೆಕ್ಕೆಗಳನ್ನು ಬೆರಳಿನಿಂದ ತಡೆಹಿಡಿಯಬೇಕು, ಇಲ್ಲವಾದರೆ ಮಿತಿಮೀರಿ ತಿರುಗಿ ಬೇರಿಂಗ್ ಕೆಡುತ್ತದೆ. ಪ್ರೊಸೆಸರ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ (ಬಿಸಿ ಹೊರಹಾಕುವ ಲೋಹದ ಭಾಗಕ್ಕೆ) ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸುವುದಿದ್ದರೆ ಹೀಟ್‌ಸಿಂಕ್ ಮೇಲೆ ಮುದ್ರಿಸಿದ 1, 2, 3, 4 ಸಂಖ್ಯೆಗಳನ್ನು ಗಮನಿಸಿ: ಸ್ಕ್ರೂ ಬಿಗಿಯುವುದು ಆ ಕ್ರಮದಲ್ಲಿ, ಬಿಚ್ಚುವುದು ಅದರ ತಿರುಗು ಕ್ರಮದಲ್ಲಿ, ಒಂದೊಂದನ್ನೂ ಸ್ವಲ್ಪಸ್ವಲ್ಪವಾಗಿ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಪೂರ್ತಿ ಒರೆಸಿ, ಚಿಪ್ ಮೇಲೆ ತೆಳು ಪದರವಾಗುವಷ್ಟೇ ಹೊಸದನ್ನು ಹಾಕಬೇಕು. ಕೆಲವು ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಪೇಸ್ಟ್ ಬದಲಿಗೆ ಬೆಳ್ಳಿಯಂತೆ ಹೊಳೆಯುವ ದ್ರವಲೋಹ ಇರುತ್ತದೆ; ಅದು ವಿದ್ಯುತ್ ವಾಹಕವಾದ್ದರಿಂದ ಒಂದು ಹನಿ ಹೊರಗೆ ಬಿದ್ದರೂ ಬೋರ್ಡ್ ಸುಡಬಹುದು, ಅಲ್ಲಿ ಕೈಹಾಕದಿರುವುದೇ ಲೇಸು.

ಜೋಡಣೆ ಮತ್ತು ಪರೀಕ್ಷೆ

ಬಿಚ್ಚಿದ ಕ್ರಮವನ್ನು ಹಿಂದಿನಿಂದ ಅನುಸರಿಸಿ, ಎಲ್ಲ ಕೇಬಲ್ ಸೇರಿಸಿದ ಮೇಲೆ ಕೊನೆಗೆ ಬ್ಯಾಟರಿಯ ಕನೆಕ್ಟರ್ ಕೂರಿಸಬೇಕು. ಮುಚ್ಚಳವನ್ನು ಎರಡು ಮೂರು ಸ್ಕ್ರೂಗಳಿಂದಷ್ಟೇ ಹಿಡಿಸಿ ಪರೀಕ್ಷಿಸಿದರೆ ಏನಾದರೂ ತಪ್ಪಿದ್ದಾಗ ಮತ್ತೆ ತೆರೆಯಲು ಅನುಕೂಲ. ಬ್ಯಾಟರಿ ಬಿಡಿಸಿ ಹಾಕಿದ ಕೆಲವು ಯಂತ್ರಗಳು ಚಾರ್ಜರ್ ಸಿಕ್ಕಿಸುವವರೆಗೆ ಏಳುವುದೇ ಇಲ್ಲ. ಡಿಡಿಆರ್5 ರ‍್ಯಾಮ್ ಹಾಕಿದಾಗ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು; ಯಂತ್ರ ಹೊಸ ರ‍್ಯಾಮ್‌ಗೆ ಹೊಂದಿಕೊಳ್ಳುತ್ತಿರುವ ಆ ಹೊತ್ತಿನಲ್ಲಿ ಪವರ್ ಬಟನ್ ಒತ್ತಿ ಆರಿಸಬಾರದು. ಬಯಾಸ್ (ಯಂತ್ರದ ಮೂಲ ಸೆಟ್ಟಿಂಗ್‌ಗಳ) ಪರದೆಯಲ್ಲಿ ರ‍್ಯಾಮ್‌ನ ಒಟ್ಟು ಗಾತ್ರ ಮತ್ತು ಎಸ್‌ಎಸ್‌ಡಿಯ ಹೆಸರು ಕಂಡರೆ ಜೋಡಣೆ ಸರಿಯಾಗಿದೆ ಎಂದು ತಿಳಿದು ಉಳಿದ ಸ್ಕ್ರೂಗಳನ್ನು ಹಾಳೆಯ ಮೇಲಿನ ಜಾಗಕ್ಕೆ ತಕ್ಕಂತೆ ಬಿಗಿಯಬಹುದು. ಹೆಚ್ಚುವರಿಯಾಗಿ ಹಾಕಿದ ಹೊಸ ಎಸ್‌ಎಸ್‌ಡಿ ಬಯಾಸ್‌ನಲ್ಲಿ ಕಂಡೂ ವಿಂಡೋಸ್‌ನಲ್ಲಿ ಕಾಣದಿದ್ದರೆ ಗಾಬರಿ ಬೇಡ, ವಿಂಡೋಸ್‌ನದೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದನ್ನು ಇನಿಶಿಯಲೈಸ್ ಮಾಡಿ (ಬಳಕೆಗೆ ಸಜ್ಜುಗೊಳಿಸಿ) ಫಾರ್ಮ್ಯಾಟ್ ಮಾಡಬೇಕು.

ತೆಗೆದ ಹಳೆಯ ಡಿಸ್ಕನ್ನು ಹೊಸದರಲ್ಲಿ ಎಲ್ಲ ಕಡತಗಳೂ ತೆರೆಯುತ್ತಿವೆ ಎಂದು ಖಾತ್ರಿಯಾಗುವವರೆಗೆ ಹಾಗೆಯೇ ಇಟ್ಟಿರಬೇಕು. ಆಮೇಲೆ ಯಾರಿಗಾದರೂ ಕೊಡುವುದಿದ್ದರೆ ಬರೀ ಕ್ವಿಕ್ ಫಾರ್ಮ್ಯಾಟ್ ಸಾಲದು, ಅದರಿಂದ ಕಡತಗಳನ್ನು ಮರಳಿ ಪಡೆಯಲು ಸಾಧ್ಯವಿರುವುದರಿಂದ ಪೂರ್ತಿ ಅಳಿಸುವ ತಂತ್ರಾಂಶ ಬಳಸಬೇಕು. ಹಳೆಯ ಬ್ಯಾಟರಿಯ ಕನೆಕ್ಟರಿಗೆ ಟೇಪ್ ಸುತ್ತಿ, ಮನೆಯ ಕಸದೊಂದಿಗೆ ಸೇರಿಸದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು.