ನಿದ್ರೆ ಪರೀಕ್ಷೆಯ ಕೋಣೆಯಲ್ಲಿ ರಾತ್ರಿ ಪಾಳಿ ಮಾಡುವವರಿಗೆ

ಹಿಂದಿನ ದಿನವೇ ರೋಗಿಗೆ ಫೋನ್ ಮಾಡಿ. "ತಲೆಗೆ ಸ್ನಾನ ಮಾಡಿಕೊಂಡು ಬನ್ನಿ, ಎಣ್ಣೆ ಹಚ್ಚಬೇಡಿ, ಮಧ್ಯಾಹ್ನದ ಮೇಲೆ ಕಾಫಿ ಬೇಡ, ಹಗಲು ನಿದ್ದೆಯೂ ಬೇಡ" ಎಂದು ನೀವೇ ಬಾಯಿಬಿಟ್ಟು ಹೇಳಿ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಕೊಬ್ಬರಿ ಎಣ್ಣೆಯಷ್ಟು ಕಾಡಿದ್ದು ಬೇರೊಂದಿಲ್ಲ. ಎಲೆಕ್ಟ್ರೋಡ್ ಎಂದರೆ ಮಿದುಳಿನ ಅಲೆಗಳನ್ನು ಹಿಡಿಯಲು ತಲೆಗೆ ಅಂಟಿಸುವ, ತಂತಿಯ ತುದಿಯ ಪುಟ್ಟ ಬಿಲ್ಲೆ. ಎಣ್ಣೆ ತಲೆಯಲ್ಲಿ ಅದನ್ನು ಅಂಟಿಸುವ ಪೇಸ್ಟ್ ನಿಲ್ಲುವುದಿಲ್ಲ. ಹತ್ತು ಗಂಟೆಗೆ ಸರಿಯಾಗಿದ್ದ ಎಲೆಕ್ಟ್ರೋಡ್ ಎರಡು ಗಂಟೆಗೆ ದಿಂಬಿನ ಮೇಲಿರುತ್ತದೆ.

ಅಂಟಿಸುವ ಕೆಲಸಕ್ಕೆ ಮುಕ್ಕಾಲು ಗಂಟೆಯಾದರೂ ಇಟ್ಟುಕೊಳ್ಳಿ. ಮೂಗಿನ ಬುಡದ ತಗ್ಗಿನಿಂದ ಹಿಂದಲೆಯ ಉಬ್ಬಿನವರೆಗೆ ಟೇಪು ಹಿಡಿದು ಅಳೆಯಿರಿ, ಕಣ್ಣಂದಾಜು ಬೇಡ. 36 ಸೆಂ.ಮೀ. ಬಂದರೆ ಹಿಂದಲೆಯ ಎಲೆಕ್ಟ್ರೋಡುಗಳ ಮಟ್ಟ ಉಬ್ಬಿನಿಂದ ಹತ್ತರಲ್ಲೊಂದು ಪಾಲು, ಅಂದರೆ 3.6 ಸೆಂ.ಮೀ. ಮೇಲೆ. ಬೈತಲೆ ತೆಗೆದಂತೆ ಕೂದಲು ಬಿಡಿಸಿ, ಜೆಲ್ ಹಾಕಿ ಚರ್ಮವನ್ನು ಹದವಾಗಿ ಉಜ್ಜಿ, ಆಮೇಲೆ ಒತ್ತಿ. ಇಂಪಿಡೆನ್ಸ್, ಅಂದರೆ ಚರ್ಮಕ್ಕೂ ಎಲೆಕ್ಟ್ರೋಡಿಗೂ ನಡುವಿನ ವಿದ್ಯುತ್ ತಡೆ, 5 ಕಿಲೋಓಮ್‌ಗೆ ಇಳಿಯುವವರೆಗೆ ಮುಂದೆ ಹೋಗಬೇಡಿ. ಎದುರು ಬದಿಯ ಬದಲಿ ಎಲೆಕ್ಟ್ರೋಡುಗಳನ್ನೂ ಈಗಲೇ ಅಂಟಿಸಿ. ನಡುರಾತ್ರಿ ಒಂದು ಕೈಕೊಟ್ಟರೆ ರೋಗಿಯನ್ನು ಎಬ್ಬಿಸದೆ ಇನ್ನೊಂದನ್ನು ನೋಡಬಹುದು.

ಕೈ ಕೆಲಸ ಮಾಡುತ್ತಿರುವಾಗ ಬಾಯಿ ಸುಮ್ಮನಿರಬಾರದು. ಮಂಡ್ಯ ಕಡೆಯ ಅಜ್ಜಿಯೊಬ್ಬರು ಇಪ್ಪತ್ತು ತಂತಿ ಅಂಟಿಸುವವರೆಗೂ ಉಸಿರೆತ್ತದೆ ಕುಳಿತಿದ್ದು, ಕೊನೆಗೆ ಕೇಳಿದರು: "ಇದರಲ್ಲಿ ಕರೆಂಟ್ ಬಿಡುತ್ತೀರೇನು ಮಗಳೇ?" ಅವರ ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಹಗ್ಗದಂತಾಗಿತ್ತು. "ಇಲ್ಲ ಅಜ್ಜಿ, ನಿಮ್ಮ ತಲೆಯೊಳಗೆ ನಡೆಯುವುದನ್ನು ಇದು ಬರೆದುಕೊಳ್ಳುತ್ತದೆ ಅಷ್ಟೇ" ಎಂದೆ. ಅಂದಿನಿಂದ ಆ ಮಾತನ್ನು ಮೊದಲ ತಂತಿಗೂ ಮುಂಚೆ ಹೇಳುತ್ತೇನೆ. ಇನ್ನೊಂದು ಭಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಮೂತ್ರಕ್ಕೆ ಎದ್ದರೆ ಏನು ಗತಿ? ಎಲ್ಲ ತಂತಿಗಳೂ ಒಂದೇ ಪೆಟ್ಟಿಗೆಗೆ ಸೇರುತ್ತವೆ, ಅದನ್ನು ಬಿಚ್ಚಿ ಕೊರಳಿಗೆ ಹಾಕಿಕೊಂಡು ಹೋಗಬಹುದು ಎಂದು ಒಮ್ಮೆ ಬಿಚ್ಚಿಯೇ ತೋರಿಸಿ. ತೋರಿಸದಿದ್ದರೆ ತಡೆದುಕೊಂಡು ರಾತ್ರಿಯೆಲ್ಲ ಎಚ್ಚರವಾಗಿ ಮಲಗಿರುತ್ತಾರೆ, ಬೆಳಗಿನವರೆಗೆ ನೀವು ಬರೆದಿಟ್ಟದ್ದು ಎಚ್ಚರದ ದಾಖಲೆಯಾಗುತ್ತದೆ.

ದೀಪ ಆರಿಸುವ ಮುನ್ನ ಸ್ಪೀಕರಿನಲ್ಲಿ ಕಣ್ಣು ತೆರೆಯಿರಿ, ಮುಚ್ಚಿ, ಎಡಬಲ ನೋಡಿ, ಹಲ್ಲು ಕಚ್ಚಿ, ಪಾದ ಆಡಿಸಿ ಎಂದು ಹೇಳಿ ಪ್ರತಿಯೊಂದೂ ಪರದೆಯಲ್ಲಿ ಮೂಡುತ್ತದೆಯೇ ನೋಡಿ. ಕಣ್ಣು ಮುಚ್ಚಿದ ಕೂಡಲೇ ಹೆಚ್ಚಿನವರಿಗೆ ಹಿಂದಲೆಯಲ್ಲಿ ಆಲ್ಫಾ ಅಲೆ, ಅಂದರೆ ಎಚ್ಚರವಾಗಿ ವಿರಮಿಸುವಾಗಿನ ಮಿದುಳಿನ ಅಲೆ, ಏಳುತ್ತದೆ.

ಆಮೇಲೆ ಗೊರಕೆ ಶುರುವಾಗುತ್ತದೆ. ಥಟ್ಟನೆ ನಿಲ್ಲುತ್ತದೆ. ಪರದೆಯಲ್ಲಿ ಮೂಗಿನ ಉಸಿರಿನ ಗೆರೆ ಚಪ್ಪಟೆ. ಎದೆ, ಹೊಟ್ಟೆಗೆ ಕಟ್ಟಿದ ಬೆಲ್ಟುಗಳ ಗೆರೆಗಳು ಮಾತ್ರ ಎಳೆದಾಡುತ್ತಿರುತ್ತವೆ. ಗಂಟಲು ಮುಚ್ಚಿಕೊಂಡಿದೆ ಎಂದರ್ಥ. ಹತ್ತು ಸೆಕೆಂಡ್ ತುಂಬಿದರೆ ಅದು ಲೆಕ್ಕಕ್ಕೆ ಬರುತ್ತದೆ. ಬೆಲ್ಟುಗಳೂ ಚಪ್ಪಟೆಯಾದರೆ ಮಿದುಳಿನಿಂದಲೇ ಆಜ್ಞೆ ಬಂದಿಲ್ಲ. ಬೆರಳಿನ ಕ್ಲಿಪ್ ತೋರಿಸುವ ಆಮ್ಲಜನಕದ ಅಂಕಿ ಸ್ವಲ್ಪ ತಡವಾಗಿ ಇಳಿಯುತ್ತದೆ, ಏಕೆಂದರೆ ಶ್ವಾಸಕೋಶದಿಂದ ಬೆರಳಿಗೆ ರಕ್ತ ಬರಬೇಕಲ್ಲ. ಹೊಸಬರು ಇದನ್ನು ಕಂಡು ಎಬ್ಬಿಸಲು ಓಡುತ್ತಾರೆ. ಯಾವ ಅಂಕಿಗೆ ಒಳಗೆ ಹೋಗಬೇಕು, ಹೃದಯದ ಯಾವ ಲಯಕ್ಕೆ ಯಾರನ್ನು ಕರೆಯಬೇಕು ಎಂಬುದನ್ನು ವೈದ್ಯರಿಂದ ಮೊದಲೇ ಬರೆಸಿಕೊಂಡು ಮೇಜಿನ ಮೇಲೆ ಇಟ್ಟುಕೊಳ್ಳಿ.

ಮೂರರಿಂದ ಐದರ ನಡುವಿನ ಹೊತ್ತು ಎಲ್ಲಕ್ಕಿಂತ ಮುಖ್ಯ. ಕನಸಿನ ನಿದ್ರೆ ರಾತ್ರಿಯ ಕೊನೆಯ ಪಾಲಿನಲ್ಲೇ ಹೆಚ್ಚು. ಆಗ ಮೈಯ ಸ್ನಾಯುಗಳು ಬಹುಪಾಲು ಸಡಿಲ, ಗಂಟಲಿನವೂ ಸಡಿಲ. ಎಷ್ಟೋ ಜನರ ಉಸಿರು ಅತಿ ಹೆಚ್ಚು ಕಟ್ಟುವುದು ಆಗಲೇ. ನಿಮ್ಮ ರೆಪ್ಪೆ ಭಾರವಾಗುವುದೂ ಅದೇ ಹೊತ್ತಿಗೆ. ಮೊದಲ ವರ್ಷ ಹಾಸನದಿಂದ ಬಂದಿದ್ದ ಒಬ್ಬರಿಗೆ ಸಿಪ್ಯಾಪ್ (ಮುಖವಾಡದ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದಂತೆ ಹಿಡಿಯುವ ಯಂತ್ರ) ಒತ್ತಡವನ್ನು 4 ಸೆಂ.ಮೀ. ನೀರಿನ ಒತ್ತಡದಿಂದ ಶುರುಮಾಡಿ, ಒಂದೊಂದು ಸೆಂ.ಮೀ. ಏರಿಸಿ 8ಕ್ಕೆ ತಂದಿದ್ದೆ. ಮಗ್ಗುಲಾಗಿ ಮಲಗಿದ್ದರು, ಗೆರೆಗಳು ನೇರ್ಪಾಗಿದ್ದವು, ಆಯಿತು ಎಂದುಕೊಂಡೆ. ನಾಲ್ಕಕ್ಕೆ ಅಂಗಾತ ತಿರುಗಿದರು, ಕನಸಿನ ನಿದ್ರೆಗೆ ಜಾರಿದರು, ಉಸಿರು ಮತ್ತೆ ಕಟ್ಟತೊಡಗಿತು. ನಾನು ಗಮನಿಸಿದ್ದು ಇಪ್ಪತ್ತು ನಿಮಿಷ ಕಳೆದ ಮೇಲೆ. ಅವರು ಇನ್ನೊಂದು ರಜೆ ಹಾಕಿ ಮತ್ತೆ ಬರಬೇಕಾಯಿತು. ಅಂಗಾತ ಮಲಗಿ, ಕನಸಿನ ನಿದ್ರೆಯಲ್ಲಿ ಉಸಿರು ಸಲೀಸಾಗಿರುವುದನ್ನು ನೋಡದೆ ಒತ್ತಡ ಇಷ್ಟು ಎಂದು ಬರೆಯಬೇಡಿ. ಮೂರು ಗಂಟೆಗೆ ನಾನು ಕುರ್ಚಿಯಿಂದ ಎದ್ದುಬಿಡುತ್ತೇನೆ. ಐದರವರೆಗೆ ನಿಂತೇ ನೋಡುತ್ತೇನೆ.

ಬೆಳಿಗ್ಗೆ ಎಬ್ಬಿಸಿ, ಎಷ್ಟು ಹೊತ್ತು ಮಲಗಿದಂತೆ ಅನ್ನಿಸಿತು ಎಂದು ಕೇಳಿ ಬರೆದುಕೊಳ್ಳಿ. "ಏನು ಬಂತು?" ಎಂದು ಕೇಳಿಯೇ ಕೇಳುತ್ತಾರೆ, ಅದನ್ನು ವೈದ್ಯರು ಹೇಳುತ್ತಾರೆ ಎಂದು ಮೃದುವಾಗಿ ಹೇಳಿ. ತಂತಿಗಳನ್ನು ಎಳೆಯಬೇಡಿ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಒಂದು ನಿಮಿಷ ಒತ್ತಿ ಹಿಡಿದರೆ ಪೇಸ್ಟ್ ತಾನಾಗಿ ಬಿಡುತ್ತದೆ. ಬಾಚಣಿಗೆಯನ್ನೂ ಕೊಡಿ. ಆ ಅಜ್ಜಿಗೆ ನಾನೇ ತಲೆ ಬಾಚಿ ಜಡೆ ಹಾಕಿ ಕಳಿಸಿದೆ.